ಅಣ್ಣ ಹಲ್ಲು ಕೀಳಿಸಿಕೊಂಡ ಆಷಾಢ

ಆಷಾಢ ಬಂತೆಂದರೆ ಬೇರೆಯವರಿಗೆ ಬೇಸರ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಗಾಡಿ ಕೊಳ್ಳುವ ಹಾಗಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆ ತಿಂಗಳಿಗಾಗಿ ಕಾಯುತ್ತಿದ್ದೆವು. ನಾವು ವಾಲಗದವರು. ಅಣ್ಣ ನಾದಸ್ವರ ನುಡಿಸುತ್ತಿದ್ದ, ನಾನು ಡೋಲು, ನಮ್ಮ ಸೋದರಮಾವ ತಾಳ. ಯುಗಾದಿ ಕಳೆದ ಮೇಲೆ ಮದುವೆಗಳು ಶುರುವಾದರೆ ಜ್ಯೇಷ್ಠ ಮುಗಿಯುವವರೆಗೆ ನಮಗೆ ಮನೆಯೆಂದರೆ ಬಟ್ಟೆ ಬದಲಿಸುವ ಜಾಗ ಅಷ್ಟೇ. ರಾಜಾಜಿನಗರದ ಛತ್ರದಲ್ಲಿ ಬೆಳಗಿನ ಧಾರೆ ಮುಗಿಸಿ, ಎಲೆಯಿಂದ ಎದ್ದು ಕೈ ತೊಳೆದವರೇ ಕೆಂಗೇರಿಯ ಛತ್ರದಲ್ಲಿ ಸಂಜೆಯ ವರಪೂಜೆಗೆ ಓಡುತ್ತಿದ್ದೆವು. ಬಸ್ಸಿನಲ್ಲಿ ಡೋಲನ್ನು ಪಕ್ಕದಲ್ಲಿಟ್ಟುಕೊಂಡು ಕೂತರೆ ಯಾರಾದರೊಬ್ಬ ಕಂಡಕ್ಟರ್, "ಅದಕ್ಕೂ ಒಂದು ಟಿಕೆಟ್ ತಗೋ ಗುರು, ನಿನಗಿಂತ ಜಾಸ್ತಿ ಜಾಗ ಹಿಡ್ಕೊಂಡಿದೆ" ಎನ್ನದೆ ಬಿಡುತ್ತಿರಲಿಲ್ಲ.

ಒಳ್ಳೆಯ ಮುಹೂರ್ತದ ದಿನಗಳಲ್ಲೇ ನಮ್ಮ ಬಳಗದವರ ಮದುವೆಗಳೂ ಇರುತ್ತಿದ್ದವು. ಊರವರ ಮದುವೆಗೆಲ್ಲ ನುಡಿಸಿ, ನಮ್ಮವರ ಮದುವೆ ಒಂದನ್ನೂ ನೋಡದೆ ಬೇಸಿಗೆ ಕಳೆಯುತ್ತಿತ್ತು. ಹುಟ್ಟಿದ ಮಕ್ಕಳನ್ನು ನೋಡಿರುತ್ತಿರಲಿಲ್ಲ, ತೀರಿಕೊಂಡವರ ಮನೆಗೆ ಹೋಗಿರುತ್ತಿರಲಿಲ್ಲ. ಇವನ್ನೆಲ್ಲ ಆಷಾಢದಲ್ಲಿ ಸರಿಮಾಡಿಕೊಳ್ಳುತ್ತಿದ್ದೆವು. ಅಣ್ಣ, ಅತ್ತಿಗೆ, ನಾನು ಬಾಳೆಹಣ್ಣಿನ ಚೀಲ ಹಿಡಿದು ಮನೆಮನೆಗೆ ಹೋಗುತ್ತಿದ್ದೆವು. "ಮದುವೆಗೆ ಬರ್ಲಿಲ್ಲ, ಈಗ ಹೆಣ್ಣು ತವರಿಗೆ ಹೋದ ಮೇಲೆ ಬಂದಿದೀರ" ಎಂದು ಬೈಸಿಕೊಳ್ಳುತ್ತಲೇ ಕಾಫಿ ಕುಡಿಯುತ್ತಿದ್ದೆವು. ಅತ್ತಿಗೆಯೂ ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಹೊಸ ಮದುವಣಗಿತ್ತಿಯ ಹಾಗೆ ಹತ್ತು ದಿನ ಕೆಂಗೇರಿಯ ತವರಿಗೆ ಹೊರಡುತ್ತಿದ್ದಳು. "ನಿಮ್ಮಣ್ಣನ ಮುಖ ನೋಡಿ ಸಾಕಾಗಿದೆ ಅಂತ ಹೋಗ್ತಿಲ್ಲ ಕಣೋ, ಬೇಸಿಗೆಯೆಲ್ಲ ನೋಡೇ ಇಲ್ವಲ್ಲ, ಹೊಸಬರಂಗೆ ಕಾಣ್ತಾರೆ, ನಾಚಿಕೆ ಆಗುತ್ತೆ" ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದಳು.

ಅತ್ತಿಗುಪ್ಪೆಯ ವಠಾರದಲ್ಲಿ ನಮ್ಮದು ಕೊನೆಯ ಮನೆ. ಆಷಾಢದ ಗಾಳಿಗೆ ಶೀಟಿನ ಮೇಲಿಟ್ಟ ಕಲ್ಲುಗಳು ಅಲುಗಾಡುತ್ತಿದ್ದವು. ಅಣ್ಣ ಮೇಲೆ ಹತ್ತಿ ಶೀಟು ಸರಿಮಾಡುತ್ತಿದ್ದ, ಡೋಲಿನ ಬಾರುಗಳನ್ನು ಬಿಗಿಸುತ್ತಿದ್ದ, ಕ್ಷೌರ ಮಾಡಿಸಿಕೊಂಡು ಬಂದು ಬಿಸಿಲಿನಲ್ಲಿ ಕೂತು ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಮಧ್ಯಾಹ್ನ ನಾವಿಬ್ಬರೂ ಚಾಪೆ ಹಾಕಿಕೊಂಡು ಸಂಜೆಯವರೆಗೆ ಮಲಗುತ್ತಿದ್ದೆವು. ಹಾಗೆ ಎದ್ದು ಕುಡಿದ ಚಹಾದ ರುಚಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಇಷ್ಟರ ನಡುವೆ ಒಂದು ಕಟ್ಟುಪಾಡು ಇತ್ತು. ಆಷಾಢದ ಬೆಳಗುಗಳು ಸಾಧನೆಗೆ. ಸೀಸನ್ನಿನಲ್ಲಿ ನುಡಿಸಿದ್ದನ್ನೇ ನುಡಿಸಿ ಕೈ ಕೆಡುತ್ತದೆ, ಒಂದು ತಿಂಗಳು ಕೂತು ತಿದ್ದಿಕೊಳ್ಳಬೇಕು, ಹೊಸದು ಕಲಿಯಬೇಕು ಎನ್ನುವುದು ನಮ್ಮಪ್ಪನ ಕಾಲದಿಂದ ಬಂದದ್ದು. ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಡೋಲಿಗೆ ಆಳಿಲ್ಲವೆಂದು ಶಾಲೆ ಬಿಟ್ಟೆ. ಆಮೇಲೆ ಅಣ್ಣನೇ ನನಗೆ ಅಪ್ಪ, ಅವನೇ ಮೇಷ್ಟ್ರು. ಡೋಲು ಬಾರಿಸುವವನಿಗೂ ನಾದಸ್ವರ ಗೊತ್ತಿರಬೇಕು ಎಂದು ನನಗೆ ಅದನ್ನೂ ಅಲ್ಪಸ್ವಲ್ಪ ಹೇಳಿಕೊಟ್ಟಿದ್ದ.

ನಾನು ಹೇಳಬೇಕಾಗಿರುವುದು ಒಂದು ವರ್ಷದ ಆಷಾಢದ ಮಾತು. ನಮ್ಮ ಮನೆಗೆ ಮೊದಲ ಮೊಬೈಲ್ ಬಂದ ವರ್ಷ ಅದು. ಆ ಬೇಸಿಗೆಯಲ್ಲಿ ಅಣ್ಣನ ಮೇಲಿನ ಸಾಲಿನ ಎರಡು ಮುಂದಿನ ಹಲ್ಲುಗಳು ಸಡಿಲವಾಗಿ ವಸಡಿನಲ್ಲಿ ಕೀವು ತುಂಬಿತು. ನಾದಸ್ವರದ ಪೀಪಿಯನ್ನು ತುಟಿಯಲ್ಲಿ ಕಚ್ಚಿ ಹಿಡಿಯಬೇಕಾದರೆ ತುಟಿಯ ಹಿಂದೆ ಮುಂದಿನ ಹಲ್ಲುಗಳ ಆಸರೆ ಬೇಕು. ಅವನು ಲವಂಗ ಇಟ್ಟುಕೊಂಡು, ಮಾತ್ರೆ ನುಂಗಿಕೊಂಡು ಮೂರು ತಿಂಗಳು ನುಡಿಸಿದ. ಧಾರೆ ಮುಗಿದು ನಾದಸ್ವರ ಕೆಳಗಿಟ್ಟಾಗ ಪೀಪಿಯ ಮೇಲೆ ರಕ್ತ ಇರುತ್ತಿತ್ತು. ಅದನ್ನು ಪಂಚೆಯ ತುದಿಯಲ್ಲಿ ಒರೆಸಿ, "ವೀಳ್ಯದೆಲೆ ಕೆಂಪು" ಎನ್ನುತ್ತಿದ್ದ.

ಹಲ್ಲಿನ ಡಾಕ್ಟರಮ್ಮ ಎರಡನ್ನೂ ಕೀಳಲೇಬೇಕು, ಬಿಟ್ಟರೆ ಪಕ್ಕದವೂ ಹೋಗುತ್ತವೆ ಎಂದರು. ಕಿತ್ತರೆ ನುಡಿಸುವುದಕ್ಕೆ ಆಗುತ್ತದೆಯೇ ಎಂದು ಅಣ್ಣ ಕೇಳಿದ. ಅವರು ಅದನ್ನು ನಾನು ಹೇಳಲಾರೆ ಎಂದರು. ಮನೆಗೆ ಬಂದು ಅಣ್ಣ ನನ್ನನ್ನು ಎದುರಿಗೆ ಕೂರಿಸಿಕೊಂಡ.

"ನೋಡು, ಆಷಾಢ ಪೂರ್ತಿ ನಿನ್ ಕೈಲಿದೆ. ನಾದಸ್ವರ ತಗೊಂಡು ಕೂತ್ಕೋ. ಒಂದು ಮದುವೆ ನಡೆಸೋ ಅಷ್ಟು ಬಂದ್ರೆ ಸಾಕು. ಶ್ರಾವಣಕ್ಕೆ ನೀನು ಮುಂದೆ ಕೂತ್ಕೊಳ್ಳೋದು, ಮಾವ ಡೋಲಿಗೆ, ನಾನು ತಾಳ ಹಾಕ್ತೀನಿ. ನೀನು ರೆಡಿ ಅಂದ ದಿನ ಹಲ್ಲು ಕೀಳಿಸ್ತೀನಿ. ಅಲ್ಲೀವರೆಗೂ ತಡ್ಕೋತೀನಿ."

"ಆಯ್ತಣ್ಣ" ಎಂದೆ.

ಕಲಿಯುವವನ ನಾದಸ್ವರವನ್ನು ವಠಾರದಲ್ಲಿ ಯಾರು ಸಹಿಸುತ್ತಾರೆ? ಎರಡನೆಯ ಬೆಳಿಗ್ಗೆಯೇ ಓನರ್ ಆಂಟಿ ಬಂದು, "ಏನಪ್ಪಾ, ಬೆಕ್ಕಿನ ಬಾಲ ತುಳಿದಂಗೆ! ನಮ್ಮನೆಯವರಿಗೆ ಬಿಪಿ ಇದೆ ಕಣೋ" ಎಂದರು. ಅಣ್ಣನೇ ಉಪಾಯ ಹೇಳಿದ. ಚಂದ್ರಾ ಲೇಔಟ್ ದಾಟಿ ಅನ್ನಪೂರ್ಣೇಶ್ವರಿ ನಗರದ ಕಡೆ ಹೋದರೆ ಆಗಿನ್ನೂ ಬರೀ ಖಾಲಿ ಸೈಟುಗಳು, ಮೊಣಕಾಲೆತ್ತರ ಹುಲ್ಲು. ದಿನಾ ಬೆಳಿಗ್ಗೆ ಆರಕ್ಕೆ ಅಣ್ಣನ ಮೊಪೆಡ್ಡಿನಲ್ಲಿ ನಾದಸ್ವರದ ಚೀಲ ನೇತುಹಾಕಿಕೊಂಡು ಅಲ್ಲಿಗೆ ಹೋಗಬೇಕು, ಒಂಬತ್ತಕ್ಕೆ ಬರಬೇಕು.

ನಾಲ್ಕು ದಿನ ಹೋದೆ. ಐದನೆಯ ದಿನ ಚಂದ್ರಾ ಲೇಔಟಿನಲ್ಲಿ ಒಂದು ಡ್ರೈವಿಂಗ್ ಸ್ಕೂಲಿನ ಮುಂದೆ ನಿಂತೆ.

ಅದಕ್ಕೆ ಕಾರಣ ಇತ್ತು, ಆದರೆ ಅದನ್ನು ನೆಪವಾಗಿ ಹೇಳುತ್ತಿಲ್ಲ. ವೈಶಾಖದಲ್ಲಿ ವಿಜಯನಗರದ ಒಂದು ಛತ್ರದಲ್ಲಿ ಸೂಟು ಹಾಕಿದ್ದ ನನ್ನ ವಯಸ್ಸಿನ ಹುಡುಗನೊಬ್ಬ ಅಣ್ಣನ ಮುಂದೆ ಚಿಟಿಕೆ ಹೊಡೆದು, "ಏ ವಾಲಗ, ಆಮೇಲೆ ಊದು, ಫೋನಲ್ಲಿದೀನಿ" ಎಂದಿದ್ದ. ಅಣ್ಣ ನಗುತ್ತಲೇ ನಾದಸ್ವರ ಇಳಿಸಿದ. ಅದೇ ದಿನ ಗಂಡಿನ ಕಡೆಯವರ ವ್ಯಾನ್ ತಂದವನು ನನ್ನ ಜೊತೆ ಏಳನೇ ಕ್ಲಾಸಿನಲ್ಲಿ ಕೂತವನು. ಅವನನ್ನು ಮಾತ್ರ, "ಡ್ರೈವರ್ ಸಾರ್, ಮೊದಲು ಊಟ ಮಾಡ್ಬಿಡಿ" ಎಂದು ಕರೆದುಕೊಂಡು ಹೋದರು. ನಾನೂ ಉದ್ಧಾರವಾಗಬೇಕಿತ್ತು. ಅಣ್ಣ ತೋರಿಸಿದ ದಾರಿಯಲ್ಲಿ ಅಲ್ಲ, ಅಷ್ಟೇ.

ಕಾರು ಕಲಿಯುವುದು ದಿನಕ್ಕೆ ಅರ್ಧ ಗಂಟೆ. ಉಳಿದ ಹೊತ್ತು ಅಲ್ಲೇ ಗೆಳೆಯರ ಜೊತೆ ಟೀ ಅಂಗಡಿಯಲ್ಲಿ ಕಳೆಯುತ್ತಿದ್ದೆ, ಬೇಸಿಗೆಯಲ್ಲಿ ತಪ್ಪಿಹೋದ ಹರಟೆಯನ್ನೆಲ್ಲ ಮುಗಿಸುತ್ತಿದ್ದೆ. "ಏನ್ ಮಗಾ ಚೀಲದಲ್ಲಿ, ಗನ್ನಾ?" ಎಂದು ಅವರು ಕೇಳುತ್ತಿದ್ದರು. "ಹೂಂ, ಮದುವೆ ಮಾಡ್ಸೋ ಗನ್ನು" ಎಂದು ನಾನೂ ನಗುತ್ತಿದ್ದೆ. ಮನೆಗೆ ಹೊರಡುವ ಮುಂಚೆ ನಲ್ಲಿಯಲ್ಲಿ ಪೀಪಿಯನ್ನು ಒದ್ದೆ ಮಾಡಿಕೊಳ್ಳುತ್ತಿದ್ದೆ. ಯಾಕೆಂದರೆ ಅಣ್ಣ ದಿನವೂ ಚೀಲ ಬಿಚ್ಚಿ, ಪೀಪಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಒಣಗಲು ಕಿಟಕಿಯಲ್ಲಿ ಇಡುತ್ತಿದ್ದ. ಒದ್ದೆ ಇದೆ ಎಂದರೆ ತಮ್ಮ ಮೂರು ಗಂಟೆ ಊದಿದ್ದಾನೆ. ಅವನು ಅಷ್ಟೇ ನೋಡಿದ್ದು.

ಮೋಹನ ರಾಗ ಒಂದು ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತಿತ್ತು. ಆಷಾಢ ಮುಗಿಯಲು ವಾರ ಇದೆ ಎನ್ನುವಾಗ ಅಣ್ಣ, "ಎಲ್ಲಿ, ಸ್ವಲ್ಪ ಕೇಳಿಸು" ಎಂದ. ಮೋಹನವನ್ನೇ ಹತ್ತು ನಿಮಿಷ ನುಡಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ್ದ. ಒಂದು ಕೆನ್ನೆ ಊದಿಕೊಂಡಿತ್ತು.

"ಉಳಿದಿದ್ದೂ ಹಿಂಗೇ ಬರುತ್ತಾ?"

"ಬರುತ್ತಣ್ಣ."

"ನಿಜ ಹೇಳು ಕಣೋ. ಕಿತ್ತ ಮೇಲೆ ಮತ್ತೆ ಅಂಟಿಸೋಕಾಗಲ್ಲ."

ಅತ್ತಿಗೆ ಅಡುಗೆಮನೆಯಿಂದ, "ಇನ್ನೊಂದೆರಡು ರಾಗ ಕೇಳಿ ನೋಡ್ರೀ, ಅವಸರ ಏನಿದೆ" ಎಂದಳು. ಅಣ್ಣ ನೋವಿನಲ್ಲೂ ರೇಗಿದ. "ತಿಂಗಳಿಂದ ಆರು ಗಂಟೆಗೆ ಎದ್ದು ಹೋಗ್ತಿದಾನೆ. ನನ್ ತಮ್ಮನ್ನ ಪರೀಕ್ಷೆ ಮಾಡ್ಬೇಕೇನೇ?"

ಆಗ ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಆದರೆ ಮರುದಿನ ನನ್ನ ಲೈಸೆನ್ಸಿನ ಟೆಸ್ಟ್ ಇತ್ತು. ಅದೊಂದು ಮುಗಿಯಲಿ, ಆಮೇಲೆ ಉಳಿದ ದಿನಗಳಲ್ಲಿ ಹಗಲಿಡೀ ಕೂತು ಕಲಿತುಬಿಡುತ್ತೇನೆ ಎಂದುಕೊಂಡೆ. "ರೆಡಿ ಅಣ್ಣ, ಕೀಳಿಸ್ಬಿಡು" ಎಂದೆ.

ಟೆಸ್ಟ್ ಪಾಸಾದ ಮೂರನೆಯ ದಿನ ನಾನೇ ಅವನನ್ನು ಮೊಪೆಡ್ಡಿನಲ್ಲಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಬಾಯಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದವನು ಕಣ್ಣಿನಲ್ಲೇ ನಕ್ಕ. ಬರುವಾಗ ಮಾತಾಡುವ ಹಾಗಿರಲಿಲ್ಲ. ಹಿಂದೆ ಕೂತು ನನ್ನ ಹೆಗಲ ಮೇಲೆ ಬೆರಳಾಡಿಸುತ್ತಾ ಬಂದ. ಮೊದಲು ಏನೆಂದು ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ನಾದಸ್ವರದ ರಂಧ್ರಗಳ ಮೇಲೆ ಬೆರಳು ಓಡುವ ಹಾಗೆ ಓಡುತ್ತಿದೆ. ಕಲ್ಯಾಣಿ. ನಾನು ಕಲಿಯದೇ ಬಿಟ್ಟಿದ್ದ ರಾಗಗಳಲ್ಲಿ ಅದೂ ಒಂದು.

ಉಳಿದ ನಾಲ್ಕೈದು ದಿನ ಖಾಲಿ ಸೈಟಿಗೆ ಹೋಗಿ ತುಟಿ ಬಿರಿಯುವ ಹಾಗೆ ಊದಿದೆ. ತಿಂಗಳ ಕೆಲಸ ವಾರದಲ್ಲಿ ಆಗುವುದಲ್ಲ.

ಶ್ರಾವಣದ ಮೊದಲ ಮದುವೆ ಬಸವೇಶ್ವರನಗರದ ಒಂದು ಛತ್ರದಲ್ಲಿ. ಅಣ್ಣ ತನ್ನ ಜರಿ ಶಲ್ಯವನ್ನು ನನ್ನ ಹೆಗಲಿಗೆ ಹಾಕಿ ಮುಂದೆ ಕೂರಿಸಿದ. ಬೆಳಗಿನ ಮೊದಲ ಗಂಟೆ ಹೇಗೋ ಕಳೆಯಿತು. ಕಾಶಿಯಾತ್ರೆಗೂ ಮೋಹನ, ಹೆಣ್ಣನ್ನು ಕರೆತರುವಾಗಲೂ ಮೋಹನ. ಮುಂದಿನ ಸಾಲಿನಲ್ಲಿದ್ದ ಅಜ್ಜ ಒಬ್ಬರು ಎದ್ದು ಬಂದು, "ಏನಪ್ಪಾ, ಬೆಳಿಗ್ಗೆಯಿಂದ ಒಂದೇ ಬೀದಿ ಸುತ್ತುತಾ ಇದೀಯಲ್ಲ, ಬೇರೆ ಊರು ಗೊತ್ತಿಲ್ವಾ?" ಎಂದರು. ಸುತ್ತ ಕೂತವರು ನಕ್ಕರು. ನನ್ನ ತುಟಿ ಒಣಗಿತು.

ತಾಳಿ ಕಟ್ಟುವ ಹೊತ್ತಿಗೆ ಸೀನು, ಅಪಶಕುನದ ಮಾತು ಯಾವುದೂ ಯಾರ ಕಿವಿಗೂ ಬೀಳಬಾರದು. ಅದಕ್ಕೇ ಗಟ್ಟಿಮೇಳ. ಪುರೋಹಿತರು ಕೈ ಎತ್ತಿದರು. "ಗಟ್ಟಿಮೇಳ, ಗಟ್ಟಿಮೇಳ" ಎಂದು ಛತ್ರವೆಲ್ಲ ಕೂಗಿತು. ಮಾವ ಡೋಲು ಬಡಿದರು. ನಾನು ಊದಿದೆ, ಒಂದು ಕೀರಲು ದನಿ ಹೊರಟು ಅಲ್ಲೇ ಒಡೆಯಿತು. ಮತ್ತೆ ಊದಿದೆ, ಉಸಿರೇ ಬರಲಿಲ್ಲ. ಅಣ್ಣ ತಾಳ ಕೆಳಗಿಟ್ಟು ನನ್ನ ಕೈಯಿಂದ ನಾದಸ್ವರ ಕಿತ್ತುಕೊಂಡು ಬಾಯಿಗಿಟ್ಟ. ಕೆನ್ನೆಗಳು ಉಬ್ಬಿದವು, ಕತ್ತಿನ ನರಗಳು ಎದ್ದವು, ಬೆರಳುಗಳು ಸರಿಯಾದ ಜಾಗದಲ್ಲೇ ಓಡಿದವು. ಬರೀ ಗಾಳಿ ಬಂತು. ಇನ್ನೂ ಮಾಯದ ವಸಡಿನಿಂದ ರಕ್ತ ಗಲ್ಲಕ್ಕೆ ಇಳಿಯಿತು. ಆ ಹೆಣ್ಣಿನ ಕೊರಳಿಗೆ ಬರೀ ಡೋಲಿನ ಸದ್ದಿನಲ್ಲಿ ತಾಳಿ ಬಿತ್ತು.

ಹೆಣ್ಣಿನ ತಂದೆ ಬಂದು, "ಏನ್ರೀ ಇದು, ಶುಭ ಕಾರ್ಯದಲ್ಲಿ!" ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಅಣ್ಣ ಅವರಿಗೆ ಕೈ ಮುಗಿದ. ನಾವು ಊಟಕ್ಕೆ ಕೂರಲಿಲ್ಲ.

ಬಸ್ ಸ್ಟಾಪಿನಲ್ಲಿ ಅವನು ಬೈಯುತ್ತಾನೆ ಎಂದು ಕಾದೆ. ಅವನು ನನ್ನ ಬೆನ್ನು ಸವರಿ, ಹಲ್ಲಿಲ್ಲದ ಬಾಯಲ್ಲಿ ತೊದಲುತ್ತಾ, "ಹೆದರ್ಕೊಂಡ್ಬಿಟ್ಟೆ ಕಣೋ ನೀನು. ಮೊದಲ ದಿನ ಹಂಗೇ. ನಂಗೂ ಆಗಿತ್ತು" ಎಂದ. ಮಾವ ಏನೋ ಹೇಳಲು ಬಾಯಿ ತೆರೆದರೆ, "ಸುಮ್ನಿರು ಮಾವ" ಎಂದು ಗದರಿದ. ಆ ಹೆದರಿಕೆಯ ಹಿಂದೆ ನಾನು ಅಡಗಿಕೊಂಡೆ. ದೀಪಾವಳಿಯ ಹೊತ್ತಿಗೆ ಒಂದು ಕಂಪನಿಯ ಕ್ಯಾಬ್ ಓಡಿಸಲು ಸೇರಿದೆ. ಹೆದರಿಕೆ ಇರುವವನನ್ನು ಕೂರಿಸಿ ಹಿಂಸೆ ಕೊಡಬಾರದು ಎಂದು ಅಣ್ಣನೇ ಮನೆಯಲ್ಲಿ ಎಲ್ಲರಿಗೂ ಹೇಳಿದ. ಅವನು ಕಟ್ಟುಹಲ್ಲು ಹಾಕಿಸಿಕೊಂಡ, ಅದು ಊದಿದರೆ ಅಲುಗಾಡುತ್ತಿತ್ತು. ಎರಡು ವರ್ಷ ಒದ್ದಾಡಿ ನಾದಸ್ವರವನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಬೇರೆಯವರ ಮೇಳದಲ್ಲಿ ತಾಳ ಹಾಕಲು ಹೋಗತೊಡಗಿದ.

ಆದರೂ ಯಾರು ಸಿಕ್ಕಿದರೂ ನನ್ನ ಮಾತು ತೆಗೆಯುತ್ತಿದ್ದ. "ನನ್ ತಮ್ಮನ ಮೋಹನ ಕೇಳ್ಬೇಕಿತ್ತು ನೀವು. ವಿದ್ಯೆ ಇತ್ತು ಸಾರ್, ಧೈರ್ಯ ಸಾಲ್ಲಿಲ್ಲ." ನಾನು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ. ಅವನು ಅದನ್ನು ಹೇಳಿದಷ್ಟು ಸಲವೂ ನಾನು ಮತ್ತೊಮ್ಮೆ ಸುಳ್ಳು ಹೇಳಿದ ಹಾಗಾಗುತ್ತಿತ್ತು.

ಹಲ್ಲು ಕೀಳಿಸಿದ ಮೇಲಿನ ಮೂರನೆಯ ಆಷಾಢದಲ್ಲಿ, ಒಂದು ಮಧ್ಯಾಹ್ನ ಇಬ್ಬರೂ ಚಾಪೆಯ ಮೇಲೆ ಮಲಗಿದ್ದಾಗ, ಮೇಲೆ ನೋಡಿಕೊಂಡೇ ಎಲ್ಲವನ್ನೂ ಹೇಳಿದೆ. ಡ್ರೈವಿಂಗ್ ಸ್ಕೂಲು, ಟೀ ಅಂಗಡಿ, ನಲ್ಲಿಯ ನೀರು.

ಅವನು ಗೋಡೆಯ ಕಡೆ ಹೊರಳಿದ. ನಿದ್ದೆ ಬಂತೇನೋ ಎಂದುಕೊಂಡೆ.

"ಹಂಗಾದ್ರೆ ನೀನು ಹೆದರ್ಕೊಂಡಿರ್ಲಿಲ್ಲ" ಎಂದ.

"ಇಲ್ಲಣ್ಣ."

"ಬರ್ತಾನೇ ಇರ್ಲಿಲ್ಲ."

"ಇಲ್ಲ."

ಎದ್ದು ಕೂತು, ಬಾಯಿಂದ ಕಟ್ಟುಹಲ್ಲು ತೆಗೆದು ಲೋಟದ ನೀರಿಗೆ ಹಾಕಿದ. "ಚಹಾ ಮಾಡೇ" ಎಂದು ಅತ್ತಿಗೆಗೆ ಕೂಗಿ ಹೇಳಿದ. ಚಹಾ ಬಂತು, ಇಬ್ಬರೂ ಕುಡಿದೆವು. ಬೈಯಲಿಲ್ಲ, ಮಾತು ಬಿಡಲಿಲ್ಲ. ಹಬ್ಬಕ್ಕೆ ಕರೆಯುವುದನ್ನೂ ನಿಲ್ಲಿಸಲಿಲ್ಲ.

ಆ ಶ್ರಾವಣದಲ್ಲಿ ಅತ್ತಿಗೆಯ ತವರಿನ ಮದುವೆಗೆ ಹೋಗಿದ್ದೆವು. ಅಲ್ಲಿ ನುಡಿಸಲು ಬಂದಿದ್ದ ಮೇಳದ ಹಿರಿಯರೊಬ್ಬರು ಅಣ್ಣನನ್ನು ಗುರುತು ಹಿಡಿದು ಬಂದು ಮಾತಾಡಿಸಿದರು. ನನ್ನನ್ನು ತೋರಿಸಿ, "ಇವರೇ ಅಲ್ವಾ ನಿಮ್ ತಮ್ಮ? ನಾದಸ್ವರ ನುಡಿಸ್ತಾರೆ ಅಂತಿದ್ರಲ್ಲ" ಎಂದರು. ನಾನು ಎಂದಿನಂತೆ ತಲೆ ತಗ್ಗಿಸಿ ಆ ಮಾತಿಗಾಗಿ ಕಾದೆ.

"ಇಲ್ಲ ಸಾರ್" ಎಂದ ಅಣ್ಣ. "ಇವನು ಡ್ರೈವರ್ರು."