ಅರಿಸಿನದ ಮುಖಗಳು

ತನಗೆ ತಿಳಿಯದುದನ್ನು ತಿಳಿಯದೆಂದೇ ನುಡಿಯುವವಳು. ತಿಳಿದುದನ್ನು ಕೇಳದವರೆದುರು ಹರವದವಳು. ಹೊಲಸಿಗೆ ಹೇಸದವಳು, ನರಳಿಕೆಗೆ ಬೇಸರಿಸದವಳು. ವೈದ್ಯರ ಮುಂದೆ ಬಾಗಿದರೂ ಕುಗ್ಗದವಳು. ಔಷಧದಂಗಡಿಯವನು ಚಾಚಿದ ಹಣದ ಲಕೋಟೆಯತ್ತ ಕಣ್ಣೆತ್ತಿಯೂ ನೋಡದವಳು. ಸಾಯುವವರ ಬಳಿ ಸುಳ್ಳು ಧೈರ್ಯವನ್ನು ಹೇಳದೆ, ಬದುಕುವವರ ಬಳಿ ಸಾವಿನ ಮಾತನ್ನೆತ್ತದೆ, ಎರಡರ ನಡುವಣ ಹೊಸ್ತಿಲಲ್ಲಿ ಮೂವತ್ತು ವರುಷ ನಿಂತು ದಣಿಯದವಳು. ಮಿಂದು ಹೊಳೆಯ ದಿಕ್ಕಿಗೆ ಕೈಮುಗಿಯದೆ ಮನೆಯಿಂದ ಹೊರಗೆ ಅಡಿಯಿಡದವಳು. ಇಷ್ಟೂ ಗುಣಗಳಿಗೆ ನೆಲೆಯಾಗಿದ್ದ ಆ ಹೆಂಗಸು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಮಗಳು ರೇಣುಕಾದೇವಿಯೊಡನೆ, ಎರಡು ಕೋಣೆಯ ಮನೆಯೊಂದರಲ್ಲಿ ವಾಸವಾಗಿದ್ದಳು. ಹೆಸರು ಊರಮ್ಮ.

ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ, ಕಂಡು ಕೇಳಿ ನರ್ಸುಗಳಷ್ಟೇ ಕಲಿತು, ಕೆಲಸ ಬಿಟ್ಟ ಮೇಲೆ ಆಕೆ ಹಿಡಿದ ವೃತ್ತಿಗೆ ಊರಿನಲ್ಲಿ ಹೆಸರೇ ಇರಲಿಲ್ಲ. ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವ ಮನೆಗಳವರು ಅವಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಅವಳು ಜೊತೆಗೆ ಹೋಗುವಳು. ರೋಗಿ ಹೇಳಲಾರದುದನ್ನು ವೈದ್ಯರಿಗೆ ಹೇಳುವಳು. ವೈದ್ಯರು ಹೇಳದೆ ಬಿಟ್ಟುದನ್ನು ಕೇಳಿ ತಿಳಿದು ರೋಗಿಗೆ ಬಿಡಿಸಿ ಹೇಳುವಳು. ಯಾವ ಆಸ್ಪತ್ರೆಯ ಕಡೆಯವಳೆಂದು ಯಾರಾದರೂ ಕೇಳಿದರೆ ಅವಳಲ್ಲಿ ಒಂದು ಸಿದ್ಧವಾದ ಉತ್ತರವಿತ್ತು.

"ಮದುವಿಯೊಳಗ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಅಂತ ಇರ್ತಾರಲ್ರಿ, ಹಂಗ ನಾನು ರೋಗಿ ಕಡೆಯಾಕಿ. ಡಾಕ್ಟರ್ ಕಡೆಯಾಕಿ ಅಲ್ಲ. ನಿಮ್ ಮನಿಯವರ ಕಡೆಯಾಕಿನೂ ಅಲ್ಲ."

ಎರಡು ಸಾವಿರದ ಆರನೆಯ ಇಸವಿಯ ಬೇಸಗೆ. ಸಂಡೂರಿನ ಬೆಟ್ಟಗಳು ಲಾರಿಯೇರಿ ಹಗಲಿರುಳೂ ಹೊರಟುಹೋಗುತ್ತಿದ್ದ ಕಾಲ. ನಡುಹಗಲಿನಲ್ಲೂ ದೀಪ ಹೊತ್ತಿಸಿಕೊಂಡು ಬರುವ ಲಾರಿಗಳ ಸಾಲು ಕೆಂಧೂಳಿನೊಳಗಿಂದ ಮೂಡಿ ಕೆಂಧೂಳಿನೊಳಗೇ ಅಡಗುತ್ತಿತ್ತು. ಅಂಥದೊಂದು ಹಗಲು ಸೌಜನ್ಯ ಎಂಬ ಹೆಣ್ಣುಮಗಳು ಮುಖದ ತುಂಬ ಸೆರಗು ಹೊದ್ದು, ಆಟೋದಲ್ಲಿ ಚಿತ್ತವಾಡ್ಗಿಗೆ ಬಂದಿಳಿದಳು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿ ಹೆಸರಾದ ಮನೆತನದ ಸೊಸೆ. ಗಂಡ ಸಿದ್ದಲಿಂಗೇಶ ಅದಿರು ಸಾಗಿಸಲು ಲಾರಿಗಳನ್ನು ಕೊಂಡ ಮೇಲೆ ಅವರು ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ಮನೆ ಮಾಡಿದ್ದರು.

"ಊರಮ್ಮಕ್ಕಾರ, ನಮ್ಮತ್ತಿ ಕಡೆ ನಿಂತು ಕೇಳಾಕ ಒಬ್ರು ಬೇಕಾಗ್ಯಾರ್ರಿ" ಎಂದಳು.

"ನಿಮ್ಮತ್ತಿ ಕಡೆನೋ, ನಿಮ್ಮ ಕಡೆನೋ, ಮೊದಲ ಹೇಳವ್ವ."

ಸೌಜನ್ಯ ಮುಖದ ಸೆರಗನ್ನು ಸರಿಸಿದಳು. "ಈಗ ಎರಡೂ ಒಂದ ಆಗೇತ್ರಿ. ಅತ್ತಿ ಒಂದು ತಿಂಗಳಿಂದ ಸರಿಯಾಗಿ ಉಣವಲ್ರು. ವಾಂತಿ ಮಾಡ್ಕೊಂತಾರ. ಇಲ್ಲದವರ ಜೊತಿ ಮಾತಾಡ್ತಾರ. ಹಾಲಿನಾಗ ಏನೋ ಬೆರಸ್ಯಾರ ಅಂತ ಒಂದಿನ ಅಂದುಬಿಟ್ರು. ಮರಿಯಮ್ಮನಹಳ್ಳಿಯಿಂದ ನಮ್ಮ ಮಾವಾರು ಬಂದಾರ, ಅತ್ತಿ ತಮ್ಮ. ನಾನು ಮದ್ದು ಹಾಕೀನಿ ಅಂತಾರ್ರಿ."

ಆ ಸೀಮೆಯಲ್ಲಿ ಮದ್ದು ಎಂಬ ನುಡಿಗೆ ಮೂರು ಮುಖ. ಕಾಯಿಲೆಯನ್ನು ನೀಗುವುದೂ ಮದ್ದು. ಗಣಿಯಲ್ಲಿ ಬಂಡೆಯನ್ನು ಸಿಡಿಸುವುದೂ ಮದ್ದು. ಆಗದವರ ಅನ್ನದಲ್ಲಿ ಬೆರೆಸಿ ಅವರನ್ನು ಒಳಗೊಳಗೇ ಸೊರಗಿಸುವುದೆಂದು ಜನ ಅಂಜುವುದೂ ಮದ್ದೇ. ಆ ಮೂರನೆಯದನ್ನು ಸೊಪ್ಪಿನ ರಸ ಕುಡಿಸಿ, ಕರುಳು ಕಿತ್ತುಬರುವಂತೆ ವಾಂತಿ ಮಾಡಿಸಿ ತೆಗೆಯುವವನೊಬ್ಬ ಸಂಡೂರಿನಾಚೆಯ ಹಳ್ಳಿಯಲ್ಲಿದ್ದನು. ಮರುದಿನ ಮುಂಜಾನೆ ಅತ್ತೆಯನ್ನು ಅಲ್ಲಿಗೆ ಒಯ್ಯುವುದೆಂದು ಮಾವ ಮರುಳಸಿದ್ದಪ್ಪ ನಿಶ್ಚಯಿಸಿದ್ದನು.

"ಎಪ್ಪತ್ತೆಂಟು ವರ್ಷದ ಜೀವಾರಿ, ತಡಿಯೂದಿಲ್ಲ" ಎಂದಳು ಸೌಜನ್ಯ. "ಅಲ್ಲಿ ಅವರ ಉಸಿರು ಹೋದ್ರ, ನನ್ನ ಮ್ಯಾಲಿನ ಕೆಟ್ಟ ಹೆಸರು ನನ್ನ ಮಕ್ಕಳ ಕಾಲಕ್ಕೂ ಹೋಗೂದಿಲ್ಲ."

ಊರಮ್ಮ ಮರುದಿನ ಬೆಳಗಿನಲ್ಲೇ ಆ ಮನೆಯನ್ನು ಹೊಕ್ಕಳು. ಧೂಳಿಗಂಜಿ ಕಿಟಕಿಗಳನ್ನೆಲ್ಲ ಮುಚ್ಚಿ, ಕನ್ನಡಿಗೂ ಬಟ್ಟೆ ಹೊದಿಸಿದ್ದರು. ಲಾರಿಯೊಂದು ಹಾದಾಗಲೆಲ್ಲ ಗೋಡೆಯ ಕಪಾಟಿನ ಲೋಟಗಳು ಯಾರೋ ಎಣಿಸುತ್ತಿರುವಂತೆ ಒಂದೊಂದಾಗಿ ಸದ್ದು ಮಾಡುತ್ತಿದ್ದವು. ಒಳಕೋಣೆಯಲ್ಲಿ ಹಂಪಮ್ಮ ಗೋಡೆಗೊರಗಿ ಕುಳಿತಿದ್ದಳು. ಅವಳ ನೋಟ ಬಂದವಳ ಮೇಲಿರಲಿಲ್ಲ. ಬಂದವಳ ಹೆಗಲಿನಾಚೆ ಇತ್ತು.

"ಬಾರವ್ವ, ಕುಂದ್ರು" ಎಂದು ಮುದುಕಿ ಮೆಲ್ಲಗೆ ನುಡಿದಳು. "ನಿನ್ನ ಹಿಂದ ನಿಂತಾನಲ್ಲ, ಅವನ್ನೂ ಕುಂದ್ರಸು. ಪಾಪ, ಎರಡು ಬೆರಳು ಇಲ್ಲ ಅವಂಗ."

ಊರಮ್ಮನ ಗಂಡ ಹನುಮಣ್ಣ ಗಣಿಯಲ್ಲಿ ಸಿಡಿಮದ್ದು ತುಂಬುವ ಕೆಲಸದವನು. ಮೊದಲು ಬಲಗೈಯ ಎರಡು ಬೆರಳುಗಳನ್ನು, ಮೂರು ವರುಷದ ತರುವಾಯ ಪ್ರಾಣವನ್ನೇ ಅದಕ್ಕೆ ತೆತ್ತವನು. ಈ ಮನೆಯಲ್ಲಿ ಯಾರಿಗೂ ಆ ಸಂಗತಿ ತಿಳಿದಿರಲಾರದು. ಅವಳು ಹಿಂದಿರುಗಿ ನೋಡಲಿಲ್ಲ. ನೋಡಿದರೆ ಅಲ್ಲಿ ಬಾಗಿಲಷ್ಟೇ ಇರುವುದೆಂಬ ನಂಬಿಕೆ ಆ ಗಳಿಗೆಯಲ್ಲಿ ಅವಳಿಗಿರಲಿಲ್ಲ. ಪಂಪಾಪತಿಯನ್ನು ಮನಸ್ಸಿನಲ್ಲೇ ನೆನೆದು ಚಾಪೆಯ ಮೇಲೆ ಕುಳಿತಳು.

ಹಂಪಮ್ಮ ಈಗ ಅವಳ ಮುಖವನ್ನು ದಿಟ್ಟಿಸಿದಳು. "ನಿನಗ ಯಾರವ್ವ ಅರಿಸಿನ ಹಚ್ಚಿದವರು?"

ಗಂಡ ಹೋದ ಹದಿನಾರು ವರುಷದಿಂದ ಊರಮ್ಮನ ಕೆನ್ನೆಗೆ ಅರಿಸಿನ ಸೋಂಕಿರಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ಮುತ್ತೈದೆಯರ ಹೆಣಗಳಿಗೆ ಬಂಧುಗಳು ಅರಿಸಿನ ಬಳಿಯುವುದನ್ನು ಅವಳು ಎಷ್ಟೋ ಬಾರಿ ಕಂಡಿದ್ದಳು. ನೀರು ಎರೆದುಕೊಟ್ಟದ್ದೂ ಉಂಟು. ಆ ಬಣ್ಣದ ನೆನಪು ಒಮ್ಮೆಲೆ ಕಣ್ಣ ಮುಂದೆ ಕಟ್ಟಿತು.

"ನನಗಷ್ಟ ಹಚ್ಯಾರೋ, ಎಲ್ಲಾರಿಗೂನೋ, ಅಮ್ಮಾರ?" ಎಂದು ಅವಳು ಕೇಳಿದಳು.

"ಎಲ್ಲಾರಿಗೂ. ನನ್ನ ಸೊಸಿಗೂ ಹಚ್ಯಾರ. ಮಗನಿಗೂ ಹಚ್ಯಾರ, ಗಂಡಸರಿಗೆ ಯಾಕ ಹಚ್ತಾರೋ ಕಾಣೆ. ಹೆಣಕ್ಕ ಹಚ್ಚಿದಂಗ ಹಚ್ಯಾರ. ಆ ಮೂಲಿಯೊಳಗ ನಮ್ಮಕ್ಕ ಕುಂತಾಳ ನೋಡು, ಸತ್ತು ನಲವತ್ತು ವರ್ಷಾತು, ಆಕಿದೂ ಹಂಗ ಐತಿ. 'ಇವರೂ ನಮ್ಮಂಗ ಆಗ್ಯಾರ' ಅಂತ ಆಕಿ ನಗ್ತಾಳ."

ಮೂಲೆಯಲ್ಲಿ ಮಡಚಿಟ್ಟ ಕಂಬಳಿಯೊಂದಿತ್ತು. ಅದರ ಮೇಲಣ ಧೂಳಿನಲ್ಲಿ ಯಾರೋ ಕುಳಿತೆದ್ದಂಥ ತಗ್ಗು ಇದ್ದುದನ್ನು ಊರಮ್ಮ ಕಂಡಳು. ಸೌಜನ್ಯ ಹಾಲಿನ ಲೋಟವನ್ನು ತಂದಳು. ಊರಮ್ಮ ಅದನ್ನು ಮುದುಕಿಯ ಮುಂದೆ ಹಿಡಿದಳು.

"ಇದರ ಬಣ್ಣ ಏನ್ರಿ ಅಮ್ಮಾರ?"

"ಹಳದಿ. ದಿನಾ ಏನೋ ಬೆರಸಿ ಕೊಡ್ತಾರ."

ಊರಮ್ಮ ತನ್ನ ಬಿಳಿಯ ಕರವಸ್ತ್ರವನ್ನು ತೋರಿದಳು. ಅದೂ ಹಳದಿ. ವಿಭೂತಿಯ ಗಟ್ಟಿಯನ್ನು ತರಿಸಿದಳು. ಅದನ್ನೂ ಹಳದಿಯೆಂದಾಗ ಸೌಜನ್ಯಳ ಕಣ್ಣಲ್ಲಿ ನೀರು ತುಂಬಿತು. ಊರಮ್ಮನಿಗಾದರೋ ಅಲ್ಲಿಯೇ ಒಂದು ದಾರಿ ತೋರಿತು. ಹಾಲಿನಲ್ಲಿ ಬೆರೆತದ್ದು ವಿಭೂತಿಯಲ್ಲಿ ಬೆರೆಯಲಾರದು. ಬಣ್ಣವಿದ್ದುದು ನೋಡಿದ ವಸ್ತುವಿನಲ್ಲಲ್ಲ, ನೋಡುವ ಕಣ್ಣಿನಲ್ಲಿ. ಹಿಂದೊಮ್ಮೆ ಆಸ್ಪತ್ರೆಯಲ್ಲಿ ಮುದುಕನೊಬ್ಬನು ಸುಣ್ಣದ ಗೋಡೆಗಳೆಲ್ಲ ಹಳದಿಯೆಂದು ಹಲುಬಿದ್ದನ್ನೂ, ಹೃದಯದ ಮಾತ್ರೆಯೊಂದು ಮೈಯಲ್ಲಿ ಮಿತಿಮೀರಿ ನಿಂತರೆ ಹೀಗಾಗುವುದುಂಟೆಂದು ದೊಡ್ಡ ಡಾಕ್ಟರು ಹೇಳಿದ್ದನ್ನೂ ಅವಳು ಮರೆತಿರಲಿಲ್ಲ.

"ಮನಿಯೊಳಗಿನ ಗುಳಿಗಿ ಎಲ್ಲಾ ತಟ್ಟಿಗೆ ಸುರುವವ್ವ. ಒಂದೂ ಬಿಡಬ್ಯಾಡ" ಎಂದಳು.

ತಟ್ಟೆಯಲ್ಲಿ ಎರಡು ಚೀಲಗಳ ಮಾತ್ರೆಗಳು ಬಿದ್ದವು. ಒಂದು ಹೊಸಪೇಟೆಯ ಡಾಕ್ಟರದು, ಇನ್ನೊಂದು ಬಳ್ಳಾರಿಯದು. ಊರಮ್ಮ ಕನ್ನಡಕವೇರಿಸಿ, ಮಾತ್ರೆಯ ಪ್ರತಿ ಪಟ್ಟಿಯನ್ನೂ ತಿರುವಿ, ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಕೂಡಿಸಿ ಓದಿದಳು. ಎರಡು ಪಟ್ಟಿಗಳ ಮೇಲಿದ್ದ ದೊಡ್ಡ ಹೆಸರುಗಳು ಬೇರೆ ಬೇರೆ. ಕೆಳಗಿದ್ದ ಸಣ್ಣ ಹೆಸರು, ಒಳಗಿನ ಔಷಧದ ಹೆಸರು, ಒಂದೇ.

"ಬಳ್ಳಾರಿಗೆ ಕರಕೊಂಡು ಹೋದವರು ಯಾರು?"

"ಮಾವಾರು" ಎಂದಳು ಸೌಜನ್ಯ. "ಹೊಸಪ್ಯಾಟಿ ಡಾಕ್ಟರಿಗೆ ಗೊತ್ತಾದ್ರ ಮನಸಿಗೆ ಹತ್ತತೈತಿ, ಹೇಳಬ್ಯಾಡ ಅಂದ್ರು. ಬಳ್ಳಾರಿ ಡಾಕ್ಟರಿಗೂ ಹೊಸಪ್ಯಾಟಿ ಗುಳಿಗಿ ಮಾತು ಹೇಳಲಿಲ್ಲ. ಇಬ್ರೂ ದೊಡ್ಡವರು ಕೊಟ್ಟಿದ್ದು, ಯಾವದನ್ನೂ ಬಿಡಬಾರದು ಅಂತ ಎರಡೂ ಕೊಟ್ಟೀನ್ರಿ. ಒಂದಿನಾನೂ ತಪ್ಪಿಸಿಲ್ಲ."

ಒಬ್ಬ ಗುರುವಿನ ವಿಭೂತಿಯನ್ನಿಟ್ಟುಕೊಂಡು ಇನ್ನೊಬ್ಬ ಗುರುವಿನದನ್ನು ಒಲ್ಲೆನೆಂದರೆ ಅಪಚಾರವಾದೀತೆಂದು ಅಂಜುವ ಮನೆ ಅದು. ಅದೇ ಭಕ್ತಿಯನ್ನು ಅವರು ಇಬ್ಬರು ವೈದ್ಯರಲ್ಲೂ ಇರಿಸಿದ್ದರು.

ಅಷ್ಟರಲ್ಲಿ ಅಂಗಳಕ್ಕೆ ಜೀಪು ಬಂದು ನಿಂತಿತು. ಮರುಳಸಿದ್ದಪ್ಪ ಒಳಗೆ ಬಂದು ಊರಮ್ಮನನ್ನು ಮೇಲಿಂದ ಕೆಳಗೆ ನೋಡಿದನು. ಹಿಂದೆ ಸಿದ್ದಲಿಂಗೇಶ ನಿಂತಿದ್ದನು, ಯಾರ ಕಡೆಗೂ ಸೇರದವನಂತೆ.

"ಇಕಿ ಯಾರಲೇ ಸಿದ್ದ? ನಿನ್ನ ಹೆಂಡತಿ ವಕೀಲರನ್ನ ಹಿಡದಾಳೇನು?"

"ವಕೀಲಿಕಿ ಓದಿಲ್ರಿ ಸಾವ್ಕಾರ್ರ. ಓದಿದ್ರ ಈ ಬಿಸಲಿನಾಗ ಕರೇ ಕೋಟು ಹಾಕ್ಕೋಬೇಕಾಗಿತ್ತು" ಎಂದಳು ಊರಮ್ಮ. "ಗುಳಿಗಿ ನಿಲ್ಸೂದು, ಕೊಡೂದು ನನ್ನ ಕೆಲಸ ಅಲ್ಲ. ಕೇಳೂದು ನನ್ನ ಕೆಲಸ. ಒಂದ ಗುಳಿಗಿ ಎರಡು ಹೆಸರಿನಾಗ ನಿಮ್ಮಕ್ಕನ ಹೊಟ್ಟಿಗೆ ಹೋಗೇತಿ ಅಂತ ನನಗ ಕಾಣತೈತಿ. ಡಾಕ್ಟರನ್ನ ಕೇಳೂಣು. ಈಗ ವಾಂತಿ ಮಾಡಿಸಿದ್ರ ಆ ಎದಿ ತಡಿಯೂದಿಲ್ಲ."

"ನಾನ ಕೊಡಿಸಿದ ಗುಳಿಗಿ ಮದ್ದಾತೇನು?" ಮರುಳಸಿದ್ದಪ್ಪನ ಮುಖ ಕೆಂಪಗಾಯಿತು. "ಎತ್ರಿ ಅಕ್ಕನ್ನ."

"ನಾನು ರೋಗಿ ಕಡೆಯಾಕಿರಿ. ಇಷ್ಟು ದಿನದಾಗ ಅಮ್ಮಾರನ್ನ ಯಾರರ ಕೇಳೀರೇನು?" ಎಂದು ಊರಮ್ಮ ಮುದುಕಿಯ ಕಡೆಗೆ ತಿರುಗಿದಳು. "ಅಮ್ಮಾರ, ಮದ್ದು ತೆಗಿಯಾವನ ಹತ್ರ ನಿಮ್ಮ ತಮ್ಮ ಜೀಪಿನಾಗ ಕರಕೊಂಡು ಹೊಂಟಾರ. ನೀವೇನಂತೀರಿ?"

ಹಂಪಮ್ಮ ತೆರೆದ ಬಾಗಿಲಿನಿಂದ ಅಂಗಳದ ಜೀಪನ್ನು ಬಹಳ ಹೊತ್ತು ನೋಡಿದಳು.

"ಅದರಾಗ ಜಾಗ ಇಲ್ಲೋ ಮರುಳಾ" ಎಂದಳು. "ಆಗಲೇ ಕುಂತುಬಿಟ್ಟಾರ. ನಮ್ಮಕ್ಕನೂ ಹೋಗಿ ಕುಂತಾಳ. ಎಲ್ಲಾರೂ ಅರಿಸಿನ ಹಚ್ಕೊಂಡು ಸುಮ್ಮ ಕುಂತಾರ. ನೀ ಹೋಗ್ತಿಯಾ ಅವರ ಜೊತಿ?"

ಒಂದು ಲಾರಿ ಹಾದುಹೋಯಿತು. ಕಪಾಟಿನ ಲೋಟಗಳು ಒಂದೊಂದಾಗಿ ನುಡಿದು ನಿಂತವು. ಡ್ರೈವರನ ಹೊರತು ಖಾಲಿಯಾಗಿ ಬಿಸಿಲಿನಲ್ಲಿ ನಿಂತಿದ್ದ ಜೀಪು ಭಾರ ಹೊತ್ತಂತೆ ಹಿಂದಕ್ಕೆ ತುಸು ತಗ್ಗಿತೆಂದು ಸಿದ್ದಲಿಂಗೇಶನಿಗೆ ತೋರಿತು. ಡ್ರೈವರನು ಕೆಳಗಿಳಿದು, ಯಾರೂ ಹೇಳದಿದ್ದರೂ, ಗೇಟಿನಾಚೆ ಹೋಗಿ ನಿಂತನು. ಮರುಳಸಿದ್ದಪ್ಪ ಅಂಗಳದ ಕಡೆಗೆ ಎರಡು ಹೆಜ್ಜೆ ಇಟ್ಟನು; ಮೂರನೆಯದನ್ನು ಇಡಲಿಲ್ಲ.

ಮೊದಲು ಬಾಯಿ ತೆರೆದವನು ಅದುವರೆಗೆ ಮಾತಾಡದಿದ್ದ ಮಗ. "ಆಟೋ ತರ್ತೀನಿ. ಆಸ್ಪತ್ರಿಗೆ ಹೋಗೂಣು" ಎಂದನು.

ಆಸ್ಪತ್ರೆಯಲ್ಲಿ ಊರಮ್ಮ ಎರಡು ಚೀಟಿಗಳನ್ನೂ ಎರಡು ಪಟ್ಟಿಗಳನ್ನೂ ಹೊಸಪೇಟೆಯ ಡಾಕ್ಟರ ಮೇಜಿನ ಮೇಲಿರಿಸಿ, ಹಳದಿಯ ವಿಷಯವನ್ನು ಮೊದಲಿಂದ ಹೇಳಿದಳು. ಅನಂತರ ಮರುಳಸಿದ್ದಪ್ಪನತ್ತ ನೋಡಿ, "ಬಳ್ಳಾರಿ ಮಾತು ನೀವ ಹೇಳಬೇಕ್ರಿ" ಎಂದಳು. ಆತನು ತಲೆ ತಗ್ಗಿಸಿ ಹೇಳಿದನು. ಡಾಕ್ಟರಿಗೆ ಬೇಸರವಾಗಲಿಲ್ಲ, ಭಯವಾಯಿತು. ಎದೆಯ ಬಡಿತದ ಪಟ್ಟಿಯನ್ನು ತೆಗೆಸಿದರು, ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು, ಇಮ್ಮಡಿಯಾಗಿ ಹೋಗುತ್ತಿದ್ದ ಆ ಹೃದಯದ ಮಾತ್ರೆಯನ್ನು ಅಲ್ಲಿಯೇ ನಿಲ್ಲಿಸಿದರು. ಇನ್ನೊಂದು ವಾಂತಿಗೆ ಹೃದಯ ನಿಂತುಹೋಗುತ್ತಿತ್ತೆಂದು ಹೊರಗೆ ಬಂದು ಹೇಳಿದರು.

ಆರು ದಿನ ಊರಮ್ಮ ಹಾಸಿಗೆಯ ಬಳಿಯಲ್ಲೇ ಇದ್ದಳು. ಮೊದಲು ಹಾಲು ಬಿಳುಪಾಯಿತು, ಆಮೇಲೆ ಗೋಡೆ, ಆಮೇಲೆ ನರ್ಸಿನ ಟೊಪ್ಪಿಗೆ. ಬಂದವರು ಬಂದಂತೆಯೇ ಸದ್ದಿಲ್ಲದೆ ಹೋಗುತ್ತಿದ್ದರೆಂದೂ, ಅಕ್ಕ ಮಾತ್ರ ಬಾಗಿಲಲ್ಲಿ ತಿರುಗಿ ನೋಡಿದಳೆಂದೂ ಹಂಪಮ್ಮ ಹೇಳಿದಳು. ಏಳನೆಯ ದಿನ ತಮ್ಮನನ್ನು ಹತ್ತಿರ ಕರೆದಳು.

"ಎಲ್ಲಾರೂ ಹೋದ್ರೋ ಮರುಳಾ. ಒಬ್ಬಾಕಿ ಉಳದಿದ್ಲು, ಹೋಗವಲ್ಲಳು. ಇಕಿ ಯಾರು ಅಂತ ದಿನಾ ನೋಡ್ತಿದ್ದೆ. ಇವತ್ತು ಮುಖದ್ದು ಅರಿಸಿನ ಹೋತು. ನೋಡಿದ್ರ ನಮ್ಮ ಸೌಜನ್ಯ."

ಮರುಳಸಿದ್ದಪ್ಪ ಹಾಸಿಗೆಯ ಕಂಬಿಯನ್ನು ಹಿಡಿದನು. ಸೊಸೆಯ ಕಡೆ ನೋಡದೆಯೇ, "ಮದ್ದು ನಾನ ತಂದಿದ್ದೆನವ್ವ, ನೀನಲ್ಲ. ಮರಿಯಮ್ಮನಹಳ್ಳಿಯೊಳಗ ಯಾರ್ಯಾರಿಗೆ ಹೇಳೀನಿ, ಅವರಿಗೆಲ್ಲ ನಾನ ಹೋಗಿ ಹೇಳ್ತೀನಿ" ಎಂದನು. ಹೇಳಿದಂತೆ ಮನೆಮನೆಗೂ ಹೋಗಿ ಹೇಳಿದನು.

ಹಂಪಮ್ಮ ಅಲ್ಲಿಂದಾಚೆಗೆ ಐದು ವರುಷ ಬಾಳಿದಳು. ಡಾಕ್ಟರ ಬಳಿ ಹೋಗುವಾಗಲೆಲ್ಲ ಊರಮ್ಮ ಬರುವವರೆಗೆ ಆಟೋ ಏರುತ್ತಿರಲಿಲ್ಲ.

ಮಾತು ಸೋತವರಿಗೆ ಮಾತಾಗಿ, ಕಾಣದವರ ನಡುವೆಯೂ ಕಂಗೆಡದೆ ನಿಂತ ಆ ತಾಯಿಯನ್ನು ಹೇಮಕೂಟದ ತಪ್ಪಲಲ್ಲಿ ನೆಲಸಿದ ವಿರೂಪಾಕ್ಷನು ಪಂಪಾಂಬೆಯೊಡನೆ ಕಾಯಲಿ. ಅವಳ ಕಿವಿ ಮಂದವಾಗದಿರಲಿ, ಅವಳ ನಾಲಗೆ ಅಂಜದಿರಲಿ. ಮಗಳು ರೇಣುಕಾದೇವಿಯ ಬಾಳು ಹಸನಾಗಲಿ. ಅವರ ಒಲೆ ಆರದಿರಲಿ, ಅವರ ಬಾಗಿಲಿಗೆ ಬರುವವರೆಲ್ಲರೂ ಹಿತವರೇ ಆಗಿರಲಿ. ಅವಳಿಗೆ ಮುಪ್ಪಡಸಿ ಹಾಸಿಗೆ ಹಿಡಿಯುವ ದಿನ ಬಂದರೆ, ಅವಳ ಕಡೆ ನಿಂತು ಕೇಳುವವರು ಅವಳಂಥವರೇ ದೊರೆಯಲಿ.