ಎತ್ತಿ ಕಟ್ಟಿದ ಸರಳು

ಬ್ರೇಕ್ ಆಯಿಲ್ ವಾಸನೆ ಬಂದರೆ ಈಗ ನಾನು ಮುಖ ತಿರುಗಿಸುತ್ತೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟಾಗಿನಿಂದ ಅದೇ ವಾಸನೆಯಲ್ಲಿ ಅನ್ನ ಉಂಡವನು ನಾನು.

ಸಿಂಧನೂರಿನಲ್ಲಿ ನನ್ನ ಗ್ಯಾರೇಜ್. ಗದ್ದೆಯ ಕೆಸರಿಗೆ ಇಳಿಯುವ ಪಿಕಪ್ ಗಾಡಿಗಳನ್ನು ಎತ್ತರಿಸುವುದು ಕೆಲಸ. ಹಿಂದಿನ ಆಕ್ಸಲ್ ತೆಗೆದು ದಪ್ಪನೆಯದು ಹಾಕುತ್ತೇನೆ, ಸ್ಪ್ರಿಂಗ್ ಪ್ಲೇಟ್ ಹೆಚ್ಚಿಸುತ್ತೇನೆ, ದೊಡ್ಡ ಟೈರ್ ತೊಡಿಸುತ್ತೇನೆ. ಮಾಲೀಕರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಗಾಡಿ ಹೇಗೆ ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ.

ಇಂಥ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಮೇಲಿನ ಬ್ರೇಕ್ ವಾಲ್ವ್‌ಗೆ ಒಂದು ಸಣ್ಣ ಸರಳು ಇರುತ್ತದೆ. ಭಾರ ಹೇರಿದಾಗ ಗಾಡಿ ಕೆಳಗೆ ಕೂರುತ್ತದೆ, ಸರಳು ಮೇಲೇರುತ್ತದೆ, ಹಿಂದಿನ ಗಾಲಿಗೆ ಬ್ರೇಕ್ ಜಾಸ್ತಿ ಸಿಗುತ್ತದೆ. ಖಾಲಿ ಇದ್ದಾಗ ಕಡಿಮೆ. ಗಾಡಿ ಎತ್ತರಿಸಿದರೆ ಸರಳು ಜೋತು ಬೀಳುತ್ತದೆ. ಭತ್ತ ಹೇರಿದರೂ ವಾಲ್ವ್‌ಗೆ ಗಾಡಿ ಖಾಲಿ ಇದ್ದಂತೆಯೇ. ಎತ್ತರಿಸಿದಷ್ಟೇ ಉದ್ದ ಹೆಚ್ಚಿಸಿ ಬೇರೆ ಸರಳು ಮಾಡಿಸಬೇಕು, ಖಾಲಿಯಲ್ಲೂ ಭಾರದಲ್ಲೂ ಓಡಿಸಿ ಹೊಂದಿಸಬೇಕು. ನಾನು ಹಳೆಯ ಸರಳನ್ನೇ ತಂತಿಯಿಂದ ಎತ್ತಿ ಕಟ್ಟಿಬಿಡುತ್ತಿದ್ದೆ. ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಆಗ ವಾಲ್ವ್‌ಗೆ ಗಾಡಿ ಸದಾ ಭಾರ ಹೊತ್ತಂತೆಯೇ. ಭಾರವಿದ್ದಾಗ ಗಾಡಿ ಚೆನ್ನಾಗಿ ನಿಲ್ಲುತ್ತದೆ. ಖಾಲಿ ಇದ್ದಾಗ ಹಿಂದಿನ ಗಾಲಿ ಗಪ್ಪನೆ ಕಚ್ಚಿಕೊಂಡು ಗಾಡಿಯ ಹಿಂಭಾಗ ತಿರುಗುತ್ತದೆ. ಅದು ನನಗೆ ಗೊತ್ತಿತ್ತು.

ತಮ್ಮನ ಗಾಡಿಗೂ ಹಾಗೇ ಕಟ್ಟಿದೆ. ಅವನು ದಢೇಸುಗೂರಿನ ಭತ್ತವನ್ನು ಮಸ್ಕಿಯಲ್ಲಿ ಇಳಿಸಿ ಖಾಲಿ ಬರುವಾಗ, ತುಂತುರು ಬಿದ್ದ ರಸ್ತೆಗೆ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ತುಳಿದ. ಗಾಡಿ ಗಿರ್ರನೆ ತಿರುಗಿ ತಗ್ಗಿಗೆ ಬಿತ್ತು, ಅವನ ಕಾಲು ಮುರಿಯಿತು. ಸುದ್ದಿ ತಿಳಿದು ಓಡಿದ ನಾನು ಮೊದಲು ಗಾಡಿಯ ಕೆಳಗೆ ಬಗ್ಗಿ, ತಂತಿ ಹೊರಗೆ ಕಾಣುತ್ತದೆಯೇ ಎಂದು ನೋಡಿದೆ. ತಮ್ಮನ ಮುಖ ನೋಡಿದ್ದು ಆಮೇಲೆ.

ಕಾಲು ಕೂಡಿದ ಮೇಲೂ ಅವನು ಸ್ಟೀರಿಂಗ್ ಮುಟ್ಟಲಿಲ್ಲ. ತಾನೇ ಅಂದಾಜಿಲ್ಲದೆ ತುಳಿದೆ ಎಂದು ನಂಬಿದ್ದ. ತಂತಿ ಬಿಚ್ಚದೆ ನಾನೇ ರಿಪೇರಿ ಮಾಡಿದ್ದ ಗಾಡಿಯನ್ನು ಮಾರಲು ಲಿಂಗಸುಗೂರಿನ ಗಿರಾಕಿಯೊಬ್ಬನನ್ನು ಗ್ಯಾರೇಜಿಗೆ ಕರೆತಂದ.

"ಕುರಿ ಕಂಡ್ರ ಗಾಡಿನ ಮಲಗಸ್ತಾನಂತಲ್ಲ ನಿನ್ನ ತಮ್ಮ," ಎಂದ ಗಿರಾಕಿ. "ಇವಗ ಎತ್ತಿನ ಬಂಡಿ ಕೊಡಸು ಮಾರಾಯ."

ನಾನೂ ನಕ್ಕೆ. ಆ ನಗೆ ನೆನೆದರೆ ಈಗಲೂ ಉಗುಳಬೇಕೆನಿಸುತ್ತದೆ.

ತಮ್ಮ ತಲೆ ತಗ್ಗಿಸಿ, "ಬ್ರೇಕ್ ಛಲೋ ಐತ್ರಿ," ಎಂದ. "ನಮ್ಮಣ್ಣನ ಕೈಲೆ ಮಾಡಿದ್ದು. ದೋಷ ಐತಂದ್ರ ನನ್ನ ಕಾಲಾಗ ಐತಿ."

"ಗಾಡಿ ಮಾರೂದಿಲ್ಲ," ಎಂದೆ.

"ಅಷ್ಟು ದೂರದಿಂದ ಕರಿಸಿ ಹಿಂಗ ಅಂತೀಯಲ್ಲ, ನಿನಗೇನು ದೆವ್ವ ಬಡಿದೈತೇನು?" ಎನ್ನುತ್ತ ಗಿರಾಕಿ ಹೋದ.

ನಾನು ಗಾಡಿಯ ಕೆಳಗೆ ತೂರಿ ತಂತಿ ಕತ್ತರಿಸಿದೆ. ಕೆಸರು, ಗ್ರೀಸು ಮೆತ್ತಿಕೊಂಡು ಸತ್ತ ಹುಳದಂತಿದ್ದ ಅದನ್ನು ತಮ್ಮನ ಕೈಗಿಟ್ಟು ಎಲ್ಲವನ್ನೂ ಹೇಳಿದೆ. ಅವನು ಬೈಯಲೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

"ಉಳಿದ ಗಾಡಿಗೋಳಿಗೂ ಹಿಂಗ ಕಟ್ಟೀಯೇನು?" ಎಂದು ಕೇಳಿದ.

"ಕಟ್ಟೀನಿ."

"ಅವೂ ಖಾಲಿ ಓಡಾಡ್ತಾವಲ್ಲ ಅಣ್ಣಾ. ಫೋನ್ ಹಚ್ಚು."

ಮೊದಲು ಪಕ್ಕದ ಊರು ಆರ್.ಎಚ್. ಕ್ಯಾಂಪಿನ ಗಿರಾಕಿಗೆ ಹಚ್ಚಿದೆ. ಅವನು ಫೋನ್ ಎತ್ತಿದವನೇ ತನ್ನ ಗಾಡಿಯ ಎತ್ತರವನ್ನು ಹೊಗಳತೊಡಗಿದ. ತಮ್ಮ ತಂತಿ ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದ.