ಬದನೆಕಾಯಿಯ ಆಪರೇಷನ್

ಇಪ್ಪತ್ತು ವರ್ಷದ ಹಿಂದೆ, ಕಾಶಿಯ ಭೇಲೂಪುರದ ಕ್ಲಿನಿಕ್ಕಿನಲ್ಲಿ ಡಾಕ್ಟರು ಗೋಡೆಯ ಬಣ್ಣದ ಚಿತ್ರ ತೋರಿಸಿ ಪಿತ್ತಕೋಶದ ಕಲ್ಲಿನ ಆಪರೇಷನ್ ವಿವರಿಸುತ್ತಿದ್ದಂತೆ, ನಮ್ಮತ್ತೆ ಚಪ್ಪಲಿಯನ್ನೂ ಮೆಟ್ಟದೆ ಹೊರಗೋಡಿ ರಿಕ್ಷಾ ಹತ್ತಿ ಕೂತರು. ನಾನು ಹಿಂದೆಯೇ ಓಡಿ, ಒಂದು ಚೀಟಿಯಲ್ಲಿ ಪಿತ್ತಕೋಶವೆಂದು ಬದನೆಕಾಯಿಯ ಚಿತ್ರ ಬರೆದು, ಒಳಗೆ ಕಲ್ಲುಗಳೆಂದು ಮೂರು ಚುಕ್ಕಿ ಇಟ್ಟು, ತೊಟ್ಟಿನ ಹತ್ತಿರ ಗೀಟೆಳೆದೆ.

"ಇಲ್ಲಿ ಕತ್ತರಿಸ್ತಾರೆ ಅತ್ತೆ, ಇಷ್ಟೇ."

"ಇಷ್ಟೇನಾ? ಇದಕ್ಕೆ ಡಾಕ್ಟರೇ ಬೇಕೇನೇ?" ಎಂದು ನಕ್ಕು ಇಳಿದ ಅತ್ತೆ, ಒಳಗೆ ಹೋಗಿ ಚೀಟಿಯನ್ನು ಡಾಕ್ಟರ ಕೈಗಿಟ್ಟು, "ಐಸಾ ಹೀ ಕಾಟನಾ", ಹೀಗೇ ಕತ್ತರಿಸಬೇಕು, ಎಂದು ಹಿಂದಿಯಲ್ಲಿ ಅಪ್ಪಣೆ ಕೊಟ್ಟರು. ಡಾಕ್ಟರು ಗಂಭೀರವಾಗಿ ತಲೆಯಾಡಿಸಿದರು.

ಆಪರೇಷನ್ ದಿನ ಅತ್ತೆ ನಗುತ್ತಲೇ ಒಳಗೆ ಹೋದರು. ಒಪ್ಪಿಗೆ ಪತ್ರದಲ್ಲಿದ್ದ ಅಪಾಯಗಳ ಪಟ್ಟಿಯನ್ನೆಲ್ಲ ಓದಿ ಸಹಿ ಹಾಕಿದವಳು ನಾನು.

ಅತ್ತೆ ಗುಣವಾಗಿ ಮನೆಗೆ ಬಂದರು. ಆದರೆ ಇಂದಿಗೂ ಯಾರಾದರೂ ಕಾಗದದ ಮೇಲೆ ಗೀಟೆಳೆದು "ಇಷ್ಟೇ" ಎಂದರೆ ನನ್ನೆದೆ ಧಸಕ್ಕೆನ್ನುತ್ತದೆ.